ದೂರದ ಚಾರಣಕ್ಕೆ ಪುಸ್ತಕವೋ, ನಕ್ಷೆಯೋ, ಆ್ಯಪೋ? ಆರಿಸಿಕೊಳ್ಳುವ ಬಗೆ

ವಾರಗಟ್ಟಲೆ ನಡೆಯುವ ಚಾರಣಕ್ಕೆ ತಯಾರಿ ಶುರು ಮಾಡಿದರೆ ಸಾಮಗ್ರಿಗೆ ಬರವಿಲ್ಲ. ಗೈಡ್‌ಬುಕ್, ವರ್ಷಕ್ಕೊಮ್ಮೆ ಬರುವ ಡೇಟಾ ಬುಕ್, ಮಡಿಸುವ ನಕ್ಷೆ, ಫೋನಿನ ಆ್ಯಪ್, ಯಾರೋ ಹಾಕಿದ ಜಿಪಿಎಕ್ಸ್ ಫೈಲು (ಹಾದಿಯ ಗೆರೆಯನ್ನು ಜಿಪಿಎಸ್ ಬಿಂದುಗಳಾಗಿ ಇಟ್ಟಿರುವ ಕಡತ), ಹಾದಿಯನ್ನು ನೋಡಿಕೊಳ್ಳುವ ಸಂಸ್ಥೆಯ ಪ್ರಕಟಣೆ, ಮುಂಚೆ ನಡೆದವರ ದಿನಚರಿ, ವಿಡಿಯೊ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರೂ ಸ್ವಲ್ಪ ಸ್ವಲ್ಪ ಸರಿಯೇ. ಆರಿಸುವಾಗ ನಿಜವಾಗಿ ಕೆಲಸಕ್ಕೆ ಬರುವ ಪ್ರಶ್ನೆ ಎಂದರೆ, ನಮಗೆ ಬೇಕಾದ ಮಾಹಿತಿ ಎಷ್ಟು ಬೇಗ ಹಳಸುತ್ತದೆ, ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ ತಿದ್ದುತ್ತಾರೆ ಎಂಬುದು.

ಬೆಟ್ಟದ ಏರು, ಕಣಿವೆಯ ದಿಕ್ಕು, ಮಳೆ ಹಿಡಿಯುವ ತಿಂಗಳು ಹತ್ತು ವರ್ಷವಾದರೂ ಹೆಚ್ಚು ಬದಲಾಗುವುದಿಲ್ಲ. ಹಾದಿಯ ದೂರ, ತಂಗುದಾಣ, ಅಂಗಡಿ, ಬಸ್ಸಿನ ಸೌಕರ್ಯ ಒಂದೆರಡು ವರ್ಷಕ್ಕೆ ಅಲ್ಲಲ್ಲಿ ಬದಲಾಗುತ್ತವೆ. ಒರತೆಯ ನೀರು, ಕಾಡ್ಗಿಚ್ಚಿಗೆ ಮುಚ್ಚಿದ ದಾರಿ, ಕೊಚ್ಚಿಹೋದ ಸೇತುವೆ ಇವಕ್ಕೆ ಒಂದು ವಾರ ಸಾಕು. ಪರ್ಮಿಟ್ಟಿನ ನಿಯಮಗಳದ್ದು ಬೇರೆಯೇ ಜಾತಿ: ವರ್ಷಗಟ್ಟಲೆ ಇದ್ದ ಹಾಗೇ ಇದ್ದು ಒಂದು ದಿನ ಒಮ್ಮೆಗೇ ಬದಲಾಗಿಬಿಡುತ್ತವೆ. ಮೆಕ್ಸಿಕೊ ಗಡಿಯಿಂದ ಕೆನಡಾದವರೆಗೆ ಸುಮಾರು 4,270 ಕಿ.ಮೀ. ಸಾಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲಿನಲ್ಲಿ ನಡೆದುಕೊಂಡೇ ಕೆನಡಾ ಪ್ರವೇಶಿಸಲು ಕೊಡುತ್ತಿದ್ದ ಪರವಾನಗಿಯನ್ನು ಕೆನಡಾದ ಗಡಿ ಸೇವಾ ಸಂಸ್ಥೆ 2025ರ ಜನವರಿಯಲ್ಲಿ ನಿಲ್ಲಿಸಿತು. ಅದಕ್ಕೆ ಮೊದಲು ಅಚ್ಚಾದ ಪುಸ್ತಕಗಳ ಕೊನೆಯ ಅಧ್ಯಾಯ ಅಂದೇ ತಪ್ಪಾಯಿತು. ಈಗ ಉತ್ತರದ ತುದಿ ಮುಟ್ಟಿದವರು ಗಡಿಯಿಂದ ಅಮೆರಿಕದ ಕಡೆಗೇ ವಾಪಸು ನಡೆಯಬೇಕು, ಅಂದರೆ ಕೊನೆಯ ಕಂತಿನ ಆಹಾರದ ಲೆಕ್ಕವೂ ಬೇರೆ.

ಗೈಡ್‌ಬುಕ್

ಹೊರಡುವ ಮೊದಲಿನ ನಿರ್ಧಾರಗಳಿಗೆ ಗೈಡ್‌ಬುಕ್ಕನ್ನು ಮೀರಿಸುವ ಸಾಧನ ಇನ್ನೂ ಬಂದಿಲ್ಲ. ಈ ಹಾದಿ ನಮ್ಮ ಕಾಲಿಗೆ ಆಗುತ್ತದೆಯೇ, ಯಾವ ತಿಂಗಳಲ್ಲಿ ಹೋಗಬೇಕು, ಯಾವ ತುದಿಯಿಂದ ಶುರು ಮಾಡಿದರೆ ಕಠಿಣ ಭಾಗ ಕಾಲು ಪಳಗಿದ ಮೇಲೆ ಬರುತ್ತದೆ, ಮಧ್ಯೆ ಬಿಟ್ಟುಹೋಗಬೇಕಾದರೆ ಎಲ್ಲೆಲ್ಲಿ ಇಳಿಯಬಹುದು. ಇವೆಲ್ಲ ಇಡೀ ಹಾದಿ ಬಲ್ಲವರು ಕೂತು ಯೋಚಿಸಿ ಬರೆಯಬೇಕಾದ ಸಂಗತಿಗಳು. ಆ್ಯಪಿನ ಬಿಂದುಗಳನ್ನು ಒಂದೊಂದಾಗಿ ಒತ್ತಿ ನೋಡಿದರೆ ಇಂಥ ಒಟ್ಟು ಚಿತ್ರ ಮೂಡುವುದಿಲ್ಲ.

ಕೊಳ್ಳುವ ಮುಂಚೆ ಮುಖಪುಟ ಬಿಟ್ಟು ಹಕ್ಕುಸ್ವಾಮ್ಯದ ಪುಟ ತೆರೆಯಿರಿ. ಮರುಮುದ್ರಣದ ವರ್ಷ ಬೇರೆ, ಹೊಸ ಆವೃತ್ತಿಯ ವರ್ಷ ಬೇರೆ. ಮರುಮುದ್ರಣವೆಂದರೆ ಹಳೆಯ ಪಠ್ಯವೇ ಮತ್ತೆ ಅಚ್ಚಾಗಿದೆ ಎಂದರ್ಥ, ಹೆಚ್ಚೆಂದರೆ ನಾಲ್ಕಾರು ಸಾಲು ತಿದ್ದಿರಬಹುದು. ಹೊಸ ಆವೃತ್ತಿಯಾದರೂ ಲೇಖಕರು ಹಾದಿ ನಡೆದದ್ದು ಪ್ರಕಟಣೆಗೆ ಒಂದೆರಡು ವರ್ಷ ಮುಂಚೆ. ಹಾಗಾಗಿ ಪುಸ್ತಕದ ವಯಸ್ಸು ಎಣಿಸುವಾಗ ಅದನ್ನೂ ಕೂಡಿಸಿ. ಕೆಲವು ಪ್ರಕಾಶಕರು ಆವೃತ್ತಿಗಳ ನಡುವಿನ ಬದಲಾವಣೆಗಳನ್ನು ತಮ್ಮ ಜಾಲತಾಣದಲ್ಲಿ ಪುಸ್ತಕವಾರು ಹಾಕುತ್ತಾರೆ. ಬ್ರಿಟನ್ನಿನ ಸಿಸರೋನ್ ಹೀಗೆ ಮಾಡುತ್ತದೆ, ಕೊಂಡವರಿಗೆ ಜಿಪಿಎಕ್ಸ್ ಫೈಲನ್ನೂ ಕೊಡುತ್ತದೆ. ಒಂದೇ ಹಾದಿಗೆ ಎರಡು ಪುಸ್ತಕ ಸಮನಾಗಿ ತೂಗಿದರೆ, ತಿದ್ದುಪಡಿ ಪುಟ ಇರುವ ಪುಸ್ತಕವನ್ನೇ ತೆಗೆದುಕೊಳ್ಳಿ.

ಮುಂದಿನ ಪರೀಕ್ಷೆಗೆ ಹಾದಿಯ ನಡುಮಧ್ಯದ ಯಾವುದಾದರೂ ಒಂದು ದಿನದ ವಿವರ ತೆರೆಯಿರಿ. ಮೊದಲ ಅಧ್ಯಾಯ ಬೇಡ, ಅದನ್ನು ಎಲ್ಲರೂ ಮುತುವರ್ಜಿಯಿಂದ ಬರೆದಿರುತ್ತಾರೆ. ಆ ದಿನದ ಏರಿಳಿತ ಮೀಟರಿನಲ್ಲಿ ಇದೆಯೇ, ಕೊನೆಯ ನೀರು ಎಲ್ಲಿ ಎಂದು ಹೇಳಿದೆಯೇ, ದಾರಿ ತಪ್ಪುವ ಕವಲುಗಳನ್ನು ಗುರುತಿಸಿದೆಯೇ, ಹವೆ ಕೆಟ್ಟರೆ ಬೇರೆ ದಾರಿ ಸೂಚಿಸಿದೆಯೇ ನೋಡಿ. ‘ಸ್ವಲ್ಪ ದೂರ ಹೋದ ಮೇಲೆ ಎಡಕ್ಕೆ’ ಎಂಬ ಬಗೆಯ ವಾಕ್ಯಗಳೇ ತುಂಬಿದ್ದರೆ ಮಂಜು ಕವಿದಾಗ ಆ ಪುಸ್ತಕ ಪ್ರಯೋಜನಕ್ಕೆ ಬಾರದು. ದಿಕ್ಕನ್ನೂ ಗಮನಿಸಿ. ದಕ್ಷಿಣದಿಂದ ಉತ್ತರಕ್ಕೆ ಬರೆದದ್ದನ್ನು ಎದುರು ದಿಕ್ಕಿನಿಂದ ನಡೆಯುತ್ತ ಓದುವುದು ದಿನವೂ ಹಿಂಸೆ. ಎಡ ಬಲ ತಿರುಗಿಸಿಕೊಳ್ಳಬಹುದು, ಆದರೆ ಒಂದು ಕವಲು ಆ ಕಡೆಯಿಂದ ಬರುವಾಗ ಕಾಣುವ ರೀತಿಯೇ ಬೇರೆ.

ಗೈಡ್‌ಬುಕ್ಕುಗಳಲ್ಲಿ ಜನ ಹೆಚ್ಚು ಮೋಸ ಹೋಗುವುದು ನಡಿಗೆಯ ಸಮಯದಲ್ಲಿ. ಪುಸ್ತಕ ಯಾವ ಸೂತ್ರ ಹಿಡಿದಿದೆ ಎಂಬುದನ್ನು ಪೀಠಿಕೆಯಲ್ಲಿ ಹುಡುಕಿ. ಸ್ಕಾಟ್ಲೆಂಡಿನ ವಿಲಿಯಂ ನೇಯ್ಸ್‌ಮಿತ್ 1892ರಲ್ಲಿ ಕೊಟ್ಟ ನಿಯಮವನ್ನು ಈಗ ಬಳಸುವುದು ಹೀಗೆ: ಗಂಟೆಗೆ 5 ಕಿ.ಮೀ., ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ಜರ್ಮನಿಯ ಡಿಐಎನ್ 33466 ಮಾನದಂಡ ಇನ್ನೊಂದು ಥರ: ಗಂಟೆಗೆ 4 ಕಿ.ಮೀ. ಸಮತಟ್ಟು, 300 ಮೀಟರ್ ಏರು, 500 ಮೀಟರ್ ಇಳಿತ. ಅಡ್ಡ ದೂರದ ಸಮಯ, ಏರಿಳಿತದ ಸಮಯ ಇವೆರಡರಲ್ಲಿ ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಬೇಕು. 12 ಕಿ.ಮೀ. ದೂರ, 900 ಮೀಟರ್ ಏರು, 300 ಮೀಟರ್ ಇಳಿತ ಇರುವ ದಿನವನ್ನು ಎರಡರಲ್ಲೂ ಹಾಕಿ ನೋಡಿ. ನೇಯ್ಸ್‌ಮಿತ್ ಲೆಕ್ಕಕ್ಕೆ 3 ಗಂಟೆ 54 ನಿಮಿಷ. ಜರ್ಮನ್ ಲೆಕ್ಕದಲ್ಲಿ ದೂರಕ್ಕೆ 3 ಗಂಟೆ, ಏರಿಳಿತಕ್ಕೆ 3 ಗಂಟೆ 36 ನಿಮಿಷ, ಒಟ್ಟು 5 ಗಂಟೆ 6 ನಿಮಿಷ. ಅದೇ ಹಾದಿ, ಅದೇ ಕಾಲು, ಎಪ್ಪತ್ತೆರಡು ನಿಮಿಷದ ಅಂತರ. ಎರಡರಲ್ಲೂ ಊಟ, ವಿಶ್ರಾಂತಿ, ಫೋಟೊ ಸೇರಿಲ್ಲ. ಬೆನ್ನಿಗೆ 15 ಕೆ.ಜಿ. ಇರುವುದನ್ನು ನೇಯ್ಸ್‌ಮಿತ್ ಲೆಕ್ಕ ಎಣಿಸುವುದೇ ಇಲ್ಲ. ಮೊದಲ ಎರಡು ಮೂರು ದಿನ ಪುಸ್ತಕದ ಸಮಯಕ್ಕೂ ನಿಮ್ಮ ಸಮಯಕ್ಕೂ ಇರುವ ಅನುಪಾತ ಬರೆದಿಟ್ಟುಕೊಂಡರೆ ಮುಂದಿನ ದಿನಗಳಿಗೆ ಅದನ್ನೇ ಗುಣಿಸಿಕೊಳ್ಳಬಹುದು. ಎರಡು ಪುಸ್ತಕಗಳಿಂದ ಅರ್ಧರ್ಧ ದಿನಗಳನ್ನು ತೆಗೆದು ಯೋಜನೆ ಹೆಣೆದರೆ ಮಾತ್ರ ಈ ಅನುಪಾತವೂ ಕೈಕೊಡುತ್ತದೆ.

ಇನ್ನೊಂದು ತೊಡಕು ‘ಹಂತ’ಗಳದ್ದು. ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದ ಪೋರ್‌ನಿಂದ ಸ್ಪೇನಿನ ಸಾಂತಿಯಾಗೊಗೆ ಸುಮಾರು 780 ಕಿ.ಮೀ. ಇರುವ ಕಮೀನೊ ಫ್ರಾನ್ಸೆಸ್ ಹಾದಿಯನ್ನು ಜನಪ್ರಿಯ ಗೈಡುಗಳು ಮೂವತ್ತು ಚಿಲ್ಲರೆ ದಿನಗಳಾಗಿ ಕತ್ತರಿಸಿವೆ. ಒಂದೇ ಪುಸ್ತಕ ಹಿಡಿದವರೆಲ್ಲ ಒಂದೇ ಊರಲ್ಲಿ ನಿಲ್ಲುತ್ತಾರೆ, ಅಲ್ಲಿನ ಹಾಸಿಗೆಗಳು ಮಧ್ಯಾಹ್ನಕ್ಕೇ ಭರ್ತಿ. ನಾಲ್ಕೈದು ಕಿ.ಮೀ. ಮುಂದಿನ ಅಥವಾ ಹಿಂದಿನ ಹಳ್ಳಿಯಲ್ಲಿ ಜಾಗ ಖಾಲಿ ಇರುತ್ತದೆ. ಆದ್ದರಿಂದ ಹಂತದ ಕೊನೆಯ ಊರನ್ನು ಮಾತ್ರ ವಿವರಿಸುವ ಪುಸ್ತಕಕ್ಕಿಂತ ನಡುವಿನ ಎಲ್ಲ ತಂಗುದಾಣಗಳನ್ನೂ ದೂರದ ಸಮೇತ ಕೊಡುವ ಪುಸ್ತಕ ಲೇಸು.

ತೂಕದ ಮಾತು ಚಿಕ್ಕದು. ದಪ್ಪ ಪುಸ್ತಕ 300ರಿಂದ 500 ಗ್ರಾಂ ತೂಗುತ್ತದೆ. ಬೆನ್ನು ಕತ್ತರಿಸಿ ಭಾಗ ಮಾಡಿ, ಮುಂದಿನ ಭಾಗಗಳನ್ನು ಆಹಾರದ ಪಾರ್ಸೆಲ್ಲಿನೊಂದಿಗೆ ಕಳಿಸಿಕೊಳ್ಳಿ. ಪುಸ್ತಕ ಹರಿಯಲು ಮನಸ್ಸಾಗದವರು ಬೇಕಾದ ಪುಟಗಳ ಫೋಟೊ ತೆಗೆದುಕೊಳ್ಳಲಿ.

ಡೇಟಾ ಬುಕ್

ಇದರಲ್ಲಿ ವರ್ಣನೆ ಇಲ್ಲ, ಬರೀ ಪಟ್ಟಿ. ಆರಂಭದಿಂದ ಎಷ್ಟು ದೂರ, ಕೊನೆಗೆ ಎಷ್ಟು, ನೀರು, ಶೆಲ್ಟರ್, ರಸ್ತೆ ದಾಟುವ ಜಾಗ, ರಸ್ತೆಯಿಂದ ಊರು ಎಷ್ಟು ದೂರ, ಆ ಊರಲ್ಲಿ ಅಂಗಡಿ ಇದೆಯೇ. ಅಮೆರಿಕದ ಹದಿನಾಲ್ಕು ರಾಜ್ಯ ಹಾಯುವ, 3,500 ಕಿ.ಮೀ. ದಾಟುವ ಅಪಲಾಚಿಯನ್ ಟ್ರೇಲಿಗೆ ಅದರ ಸಂರಕ್ಷಣಾ ಸಂಸ್ಥೆಯೇ ಇಂಥದ್ದನ್ನು ಪ್ರಕಟಿಸುತ್ತದೆ. ಎಷ್ಟು ದಿನದ ಆಹಾರ ಹೊರಬೇಕು ಎಂಬ ಲೆಕ್ಕಕ್ಕೆ ಡೇಟಾ ಬುಕ್ ಗೈಡ್‌ಬುಕ್ಕಿಗಿಂತ ಹತ್ತುಪಾಲು ವೇಗ. ನಡೆಯುವಾಗಲೂ ದಿನಕ್ಕೆ ಒಂದು ಪುಟ ಸಾಕು.

ಇದರ ದೋಷ ಅಂಕಿಗಳಲ್ಲೇ ಇದೆ. ಹಾದಿಯ ಒಂದು ತುಣುಕನ್ನು ಸರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಅಂಕಿಗಳೂ ಜರುಗುತ್ತವೆ. ಅಪಲಾಚಿಯನ್ ಟ್ರೇಲಿನ ಅಧಿಕೃತ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗುವುದು ಈ ಕಾರಣಕ್ಕೆ. ಮೂರು ವರ್ಷ ಹಳೆಯ ಡೇಟಾ ಬುಕ್ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಈ ವರ್ಷದ ಆ್ಯಪಿನೊಂದಿಗೆ ತಾಳೆ ನೋಡುವುದು ಹೋದ ವರ್ಷದ ಪಂಚಾಂಗ ಹಿಡಿದು ಮುಹೂರ್ತ ಇಟ್ಟ ಹಾಗೆ. ಆ್ಯಪಿನ 760ನೇ ಕಿ.ಮೀ. ಪುಸ್ತಕದಲ್ಲಿ 757 ಆಗಿರಬಹುದು. ನೀರಿಲ್ಲದ ಮಧ್ಯಾಹ್ನ ಆ ಮೂರು ಕಿ.ಮೀ. ದೊಡ್ಡದೇ. ಮನೆಯವರಿಗೋ ಜೊತೆಗಾರರಿಗೋ ನೀವಿರುವ ಜಾಗ ತಿಳಿಸುವಾಗ ಕಿ.ಮೀ. ಅಂಕಿ ಬೇಡ, ಕಣಿವೆ, ತೊರೆ, ಶೆಲ್ಟರಿನ ಹೆಸರು ಹೇಳಿ. ತುರ್ತಿನಲ್ಲಾದರೆ ಅಕ್ಷಾಂಶ ರೇಖಾಂಶ.

ಪುಟದ ಅಂಚಿನಲ್ಲಿ ಬರುವ ಎತ್ತರದ ಚಿತ್ರವನ್ನು ನೋಡಿ ಎದೆಗುಂದುವವರೂ ಇದ್ದಾರೆ, ಮೈಮರೆಯುವವರೂ ಇದ್ದಾರೆ. ಅಡ್ಡಕ್ಕೆ 1 ಸೆಂ.ಮೀ.ಗೆ 5 ಕಿ.ಮೀ., ಉದ್ದಕ್ಕೆ 1 ಸೆಂ.ಮೀ.ಗೆ 500 ಮೀಟರ್ ಎಂದು ಬಿಡಿಸಿದ್ದರೆ ಎತ್ತರವನ್ನು ಹತ್ತು ಪಟ್ಟು ಹಿಗ್ಗಿಸಿದ ಹಾಗಾಯಿತು. ಶೇಕಡ 10ರ ಸಾಧಾರಣ ಏರು ಅಲ್ಲಿ 45 ಡಿಗ್ರಿ ಗೋಡೆಯಂತೆ ಕಾಣುತ್ತದೆ. ಎರಡು ಪುಸ್ತಕಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ಅಕ್ಷಗಳ ಅಂಕಿ ಓದಿ.

ಕಾಗದದ ನಕ್ಷೆ

1:25,000 ಪ್ರಮಾಣದ ನಕ್ಷೆಯಲ್ಲಿ 4 ಸೆಂ.ಮೀ. ಒಂದು ಕಿ.ಮೀ., 1:50,000ದಲ್ಲಿ 2 ಸೆಂ.ಮೀ., 1:1,00,000ದಲ್ಲಿ 1 ಸೆಂ.ಮೀ. ಇದನ್ನು ಹಾದಿಯ ಉದ್ದಕ್ಕೆ ಗುಣಿಸಿದರೆ ಆಯ್ಕೆ ಅರ್ಧ ಮುಗಿಯಿತು. 500 ಕಿ.ಮೀ. ಹಾದಿಗೆ 1:25,000 ಹಿಡಿದರೆ 20 ಮೀಟರ್ ಉದ್ದದ ಕಾಗದದ ಪಟ್ಟಿ ಬೇಕು, ಹಾಳೆಗಳ ಲೆಕ್ಕದಲ್ಲಿ ಕಟ್ಟುಗಟ್ಟಲೆ. 1:50,000ಕ್ಕೆ ಅದರ ಅರ್ಧ. ಗುರುತು ಚೆನ್ನಾಗಿರುವ ಹಾದಿಗೆ 1:50,000 ಧಾರಾಳ. ಗುರುತಿಲ್ಲದ ಬಂಡೆಯ ಪ್ರದೇಶ, ಕವಲುಗಳು ಹೆಣೆದುಕೊಂಡ ಕಾಡು, ಮಂಜು ಮುಸುಕುವ ಎತ್ತರದ ಬಯಲು ಇದ್ದರೆ ಅಷ್ಟು ಭಾಗಕ್ಕೆ ಮಾತ್ರ 1:25,000 ಹಾಕಿಕೊಳ್ಳಿ. 1:1,00,000 ಇಡೀ ಯೋಜನೆಯನ್ನು ಮೇಜಿನ ಮೇಲೆ ಹರಡಿ ನೋಡುವುದಕ್ಕೆ ಸರಿ, ಕವಲಿನಲ್ಲಿ ನಿಂತು ದಾರಿ ಹುಡುಕುವುದಕ್ಕಲ್ಲ.

ಪ್ರಮಾಣದಷ್ಟೇ ಮುಖ್ಯ ಕಾಂಟೂರ್ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ಅಂತರ. 20 ಮೀಟರಿಗೊಂದು ಗೆರೆ ಇರುವ ನಕ್ಷೆಯಲ್ಲಿ 15 ಮೀಟರ್ ಎತ್ತರದ ಬಂಡೆಗೋಡೆ ಎರಡು ಗೆರೆಗಳ ನಡುವೆ ಅಡಗಿ ಕೂತಿರಬಹುದು. ಬಂಡೆಗೆ ಬೇರೆ ಚಿಹ್ನೆ ಹಾಕುವ ನಕ್ಷೆಯೇ ಎಂದು ಸೂಚಿ ನೋಡಿ ಖಚಿತ ಮಾಡಿಕೊಳ್ಳಿ.

ಸರ್ಕಾರಿ ಸರ್ವೆ ನಕ್ಷೆ ಒಂದು ಬಗೆ, ಹಾದಿಯ ಗುಂಟ ಮಾತ್ರ ಕತ್ತರಿಸಿದ ಪಟ್ಟಿ ನಕ್ಷೆ ಇನ್ನೊಂದು ಬಗೆ. ಬ್ರಿಟನ್ನಿನಲ್ಲಿ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 1:25,000, ಲ್ಯಾಂಡ್‌ರೇಂಜರ್ 1:50,000. ಅಲ್ಲಿನ ಹಾರ್ವಿ ಎಂಬ ನಕ್ಷೆ ಪ್ರಕಾಶಕರು ದೂರದ ಚಾರಣದ ಹಾದಿಗಳಿಗೆ 1:40,000ದಲ್ಲಿ ನೀರಿಗೆ ಹಾಳಾಗದ ಪಟ್ಟಿ ನಕ್ಷೆ ಮಾಡುತ್ತಾರೆ. ಸ್ಕಾಟ್ಲೆಂಡಿನ 154 ಕಿ.ಮೀ. ಉದ್ದದ ವೆಸ್ಟ್ ಹೈಲ್ಯಾಂಡ್ ವೇ ಹಾದಿಗೆ ಅಂಥದ್ದೊಂದೇ ಹಾಳೆ ಸಾಕು, ತೂಕವೂ ಇಲ್ಲ. ಆದರೆ ಪಟ್ಟಿ ನಕ್ಷೆ ಹಾದಿಯ ಎಡಬಲದ ಕೆಲವೇ ಕಿ.ಮೀ. ತೋರಿಸುತ್ತದೆ. ದಾರಿ ತಪ್ಪಿದಾಗ, ಬಿರುಗಾಳಿಗೆ ಬೇರೆ ಕಣಿವೆಗೆ ಇಳಿಯಬೇಕಾದಾಗ ನೀವು ಕಾಗದದ ಅಂಚಿನಿಂದ ಆಚೆ ಹೋಗಿರುತ್ತೀರಿ. ನಕ್ಷೆ ತೀರಾ ಬೇಕಾಗುವುದು ಅಂಥ ಹೊತ್ತಿನಲ್ಲೇ. ಪಟ್ಟಿ ನಕ್ಷೆ ಒಯ್ಯುವುದಾದರೆ ಸುತ್ತಲಿನ ಊರು, ರಸ್ತೆಗಳು ಕಾಣುವ ಇನ್ನೊಂದು ದೊಡ್ಡ ಪ್ರದೇಶದ ನಕ್ಷೆ ಜೊತೆಗಿರಲಿ.

ಕೆಲವು ದೇಶಗಳು ಸರ್ವೆ ನಕ್ಷೆಯನ್ನು ಪುಕ್ಕಟೆ ಕೊಡುತ್ತವೆ. ನ್ಯೂಜಿಲೆಂಡಿನ 1:50,000ದ ಟೋಪೊ50 ಸರಣಿ ಇಳಿಸಿಕೊಳ್ಳಲು ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಸ್ವಿಸ್‌ಟೋಪೊ 2021ರಿಂದ ತನ್ನ ಡಿಜಿಟಲ್ ನಕ್ಷೆಗಳನ್ನು ಮುಕ್ತವಾಗಿ ಕೊಡುತ್ತಿದೆ. ಮನೆಯಲ್ಲೇ ಪ್ರಿಂಟ್ ತೆಗೆಯುವವರು ಎರಡು ಕಡೆ ಎಡವುತ್ತಾರೆ. ಪ್ರಿಂಟರಿನಲ್ಲಿ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತಾನಾಗಿ ಆನ್ ಆಗಿರುತ್ತದೆ, ನಕ್ಷೆ ಕುಗ್ಗಿ ಪ್ರಮಾಣ ಸುಳ್ಳಾಗುತ್ತದೆ. ಶೇಕಡ 100 ಎಂದು ಇಟ್ಟು, ಅಚ್ಚಾದ ಮೇಲೆ ಅಳತೆಪಟ್ಟಿಯನ್ನು ಸ್ಕೇಲಿನಿಂದ ಅಳೆದು ನೋಡಿ. ಇಂಕ್‌ಜೆಟ್ ಶಾಯಿ ಒಂದು ಮಳೆಗೆ ಕಲಸಿಹೋಗುತ್ತದೆ, ಲೇಸರ್ ಪ್ರಿಂಟ್ ತೆಗೆದು ಜಿಪ್ ಚೀಲದಲ್ಲಿಡಿ. ಗ್ರಿಡ್ ಗೆರೆಗಳಿಲ್ಲದೆ ಅಚ್ಚು ಹಾಕಿದರೆ ಫೋನ್ ತೋರಿಸುವ ಸ್ಥಾನವನ್ನು ಕಾಗದದ ಮೇಲೆ ಗುರುತಿಸಲಾಗದು. ದಿಕ್ಸೂಚಿ ಬಳಸುವವರು ಅಯಸ್ಕಾಂತೀಯ ಉತ್ತರದ ವ್ಯತ್ಯಾಸವನ್ನೂ ನೋಡಿಕೊಳ್ಳಬೇಕು. ನಕ್ಷೆಯಲ್ಲಿ ಅಚ್ಚಾದ ಅಂಕಿ ಅದು ತಯಾರಾದ ವರ್ಷದ್ದು.

ಆ್ಯಪ್: ಎರಡು ಜಾತಿ

ಜನ ಎಲ್ಲವನ್ನೂ ‘ಮ್ಯಾಪ್ ಆ್ಯಪ್’ ಎನ್ನುತ್ತಾರೆ, ಇವುಗಳ ಕೆಲಸ ಮಾತ್ರ ಬೇರೆ ಬೇರೆ. ಒಂದು, ಗೊತ್ತಾದ ಹಾದಿಗೆ ಸಿದ್ಧಪಡಿಸಿದ ಗೈಡ್ ಆ್ಯಪ್. ಮೊದಲು ಗಟ್‌ಹುಕ್ ಎನಿಸಿಕೊಂಡು 2021ರಲ್ಲಿ ಹೆಸರು ಬದಲಿಸಿದ ಫಾರ್‌ಔಟ್ ಇದರಲ್ಲಿ ಹೆಸರುವಾಸಿ. ಹಾದಿಯ ಗೆರೆ, ನೀರು, ಶೆಲ್ಟರ್, ಊರುಗಳ ಬಿಂದುಗಳು, ಪ್ರತಿ ಬಿಂದುವಿನ ಕೆಳಗೆ ನಡೆಯುವವರು ದಿನಾಂಕ ಸಮೇತ ಬರೆದ ಟಿಪ್ಪಣಿ. ಇನ್ನೊಂದು, ಇಡೀ ಜಗತ್ತಿನ ನಕ್ಷೆ ಇರುವ ಸಾಮಾನ್ಯ ಆ್ಯಪ್: ಓಎಸ್‌ಎಮ್ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್, ಗಾಯಾ ಜಿಪಿಎಸ್ ಮುಂತಾದವು. ಮೊದಲನೆಯದು ಹಾದಿಯ ಮೇಲಿರುವ ತನಕ ಎಲ್ಲವನ್ನೂ ಹೇಳುತ್ತದೆ, ಹಾದಿ ಬಿಟ್ಟಾಗ ಹೆಚ್ಚೇನೂ ಹೇಳದು. ಎರಡನೆಯದು ತದ್ವಿರುದ್ಧ. 4,000 ಕಿ.ಮೀ.ಗಳ ಹಾದಿಗೆ ಎರಡೂ ಇರಲಿ, ನಾಲ್ಕು ದಿನದ ಹಾದಿಗೆ ಸಾಮಾನ್ಯ ಆ್ಯಪ್ ಒಂದೇ ಸಾಕು.

ಸಾಮಾನ್ಯ ಆ್ಯಪುಗಳಲ್ಲಿ ಬಹುಪಾಲು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪಿನ ದತ್ತಾಂಶವನ್ನೇ ಬಳಸುತ್ತವೆ. ಅದನ್ನು ಯಾರು ಬೇಕಾದರೂ ತಿದ್ದಬಹುದು. ಹೀಗಾಗಿ ಸರ್ಕಾರಿ ನಕ್ಷೆಯಲ್ಲಿಲ್ಲದ ಹೊಸ ಕಾಲುದಾರಿ ಅಲ್ಲಿರುತ್ತದೆ, ಜೊತೆಗೆ ಯಾರೋ ಒಮ್ಮೆ ತೂರಿಹೋದ ಪೊದೆಯ ಸಂದೂ ಇರುತ್ತದೆ. ಪರದೆಯ ಮೇಲೆ ಎರಡೂ ಒಂದೇ ಚುಕ್ಕೆ ಗೆರೆ. ಆ ಗೆರೆಯನ್ನು ಒತ್ತಿ ವಿವರ ನೋಡಿ. ಸ್ವಿಸ್ ಆಲ್ಪೈನ್ ಕ್ಲಬ್ಬಿನ ಟಿ1ರಿಂದ ಟಿ6ರವರೆಗಿನ ಕಾಠಿಣ್ಯದ ದರ್ಜೆ, ದಾರಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬ ಗುರುತು ತುಂಬಿದ್ದರೆ ಬಲ್ಲವರು ತಿದ್ದಿದ್ದಾರೆ ಎಂದು ತಿಳಿಯಬಹುದು. ಎಲ್ಲ ಖಾಲಿ ಇದ್ದರೆ ಆ ಗೆರೆಯ ಮೇಲೆ ಭರವಸೆ ಇಟ್ಟು ಅಡ್ಡದಾರಿ ಹಿಡಿಯಬೇಡಿ.

ಟಿಪ್ಪಣಿ ಓದುವುದಕ್ಕೂ ಒಂದು ಕ್ರಮವಿದೆ. ಮೊದಲು ದಿನಾಂಕ, ಆಮೇಲೆ ಮಾತು. ‘ನೀರು ಚೆನ್ನಾಗಿ ಹರಿಯುತ್ತಿದೆ’ ಎಂಬ ಮೇ ತಿಂಗಳ ಮಾತು ಆಗಸ್ಟಿಗೆ ಏನನ್ನೂ ಹೇಳುವುದಿಲ್ಲ. ಕೆಳಗೆ ಸರಿಸುತ್ತ ಹೋಗಿ ಹಿಂದಿನ ವರ್ಷಗಳ ಅದೇ ತಿಂಗಳನ್ನು ಹುಡುಕಿ. ‘ನಿಮಿಷಕ್ಕೆ ಒಂದು ಲೀಟರ್’, ‘ಮೊಣಕಾಲುದ್ದ’, ‘ಹಾದಿಯಿಂದ 200 ಮೀಟರ್ ಕೆಳಗೆ’ ಎಂದು ಅಳತೆ ಕೊಟ್ಟ ಟಿಪ್ಪಣಿ ‘ಸೂಪರ್ ಜಾಗ’ ಎಂಬ ಹತ್ತು ಟಿಪ್ಪಣಿಗಳಿಗಿಂತ ಮೇಲು. ಇನ್ನೊಂದು, ಹೆಚ್ಚಿನ ಟಿಪ್ಪಣಿಗಳು ಜನ ಗುಂಪಾಗಿ ನಡೆಯುವ ಋತುವಿನವು, ಹೆಚ್ಚಿನವರು ನಡೆಯುವ ದಿಕ್ಕಿನವು. ನೀವು ಎದುರು ದಿಕ್ಕಿನಲ್ಲಿ, ಬೇರೆ ತಿಂಗಳಲ್ಲಿ ಹೊರಟರೆ ಆ್ಯಪಿನ ಈ ದೊಡ್ಡ ಅನುಕೂಲವೇ ಸೊರಗುತ್ತದೆ. ಆಗ ಒಂದು ಲೀಟರ್ ಹೆಚ್ಚು ಹೊರುವುದೇ ದಾರಿ.

ಆ್ಯಪ್ ಕೈಕೊಡುವುದು ಬಹಳ ಸಲ ಮನೆಯಲ್ಲೇ ತಪ್ಪಿಸಬಹುದಾದ ಕಾರಣಗಳಿಗೆ. ನಕ್ಷೆ ಇಳಿಸಿಕೊಂಡಿದ್ದೇವೆ ಎಂದುಕೊಂಡಿರುತ್ತಾರೆ, ಇಳಿದಿರುವುದು ಮೇಲ್ಮಟ್ಟದ ಚಿತ್ರ ಮಾತ್ರ. ಚಂದಾದಾರಿಕೆಯನ್ನು ಖಚಿತಪಡಿಸಲು ಆ್ಯಪ್ ಇಂಟರ್ನೆಟ್ ಕೇಳುತ್ತದೆ, ಕಣಿವೆಯಲ್ಲಿ ಅದು ಸಿಗುವುದಿಲ್ಲ. ಹೊರಡುವ ಮೊದಲೇ ಹೀಗೆ ಮಾಡಿ ನೋಡಿ: ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಆರಿಸಿ, ಫೋನನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಆ್ಯಪ್ ತೆರೆದು ಹಾದಿಯ ಅತಿ ದುರ್ಗಮ ಭಾಗಕ್ಕೆ ಹೋಗಿ ಪೂರ್ತಿ ಹಿಗ್ಗಿಸಿ. ಕಾಂಟೂರ್ ಗೆರೆ, ತೊರೆ, ಟಿಪ್ಪಣಿ ಎಲ್ಲ ಕಂಡರೆ ಸರಿ. ಅದೇ ಮೋಡಿನಲ್ಲಿ ಹೊರಗೆ ಬಯಲಿಗೆ ಬಂದು ನೀಲಿ ಚುಕ್ಕೆ ಬರುತ್ತದೆಯೇ ನೋಡಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಮೊದಲ ಸಲ ಸ್ಥಾನ ಹಿಡಿಯಲು ಕೆಲವು ನಿಮಿಷ ಹೆಚ್ಚು ಬೇಕಾಗಬಹುದು ಅಷ್ಟೆ. ಕಡಿದಾದ ಕಮರಿಯಲ್ಲಿ ಸಂಕೇತ ಬಂಡೆಗೆ ಬಡಿದು ಬರುವುದರಿಂದ ಚುಕ್ಕೆ ನೂರಾರು ಅಡಿ ಆಚೀಚೆ ಕುಣಿಯುವುದುಂಟು. ಅಲ್ಲಿ ಚುಕ್ಕೆಯನ್ನು ಹಿಂಬಾಲಿಸದೆ ಕಣ್ಣೆದುರಿನ ಗುರುತು ನೋಡಿ.

10,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕಿನಿಂದ ಫೋನಿಗೆ ಸೇರುವುದು ಸುಮಾರು 6,000ದಿಂದ 7,000. ವೋಲ್ಟೇಜ್ ಏರಿಸುವಾಗ, ಬಿಸಿಯಾಗುವಾಗ ಉಳಿದದ್ದು ಸೋರಿಹೋಗುತ್ತದೆ. ಚಳಿಯಲ್ಲಿ ಬ್ಯಾಟರಿ ಇನ್ನೂ ಬೇಗ ಕುಸಿಯುತ್ತದೆ, ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ ಎಂಬುದು ಮಳೆಯ ಮೊದಲ ದಿನವೇ ಗೊತ್ತಾಗುತ್ತದೆ.

ಜಿಪಿಎಕ್ಸ್ ಫೈಲು

ಪುಕ್ಕಟೆ ಸಿಗುವುದರಲ್ಲಿ ಇದಕ್ಕಿಂತ ಉಪಯುಕ್ತವಾದದ್ದಿಲ್ಲ, ಇದಕ್ಕಿಂತ ಅಪಾಯದ್ದೂ ಇಲ್ಲ. ಫೈಲು ಎಲ್ಲಿಂದ ಬಂತು ಎಂಬುದೇ ಮೊದಲ ಪ್ರಶ್ನೆ. ಹಾದಿಯ ಸಂಸ್ಥೆ ಕೊಟ್ಟದ್ದು ಎಲ್ಲಕ್ಕಿಂತ ಮೇಲು. ನ್ಯೂಜಿಲೆಂಡಿನ ಉದ್ದಕ್ಕೂ ಸುಮಾರು 3,000 ಕಿ.ಮೀ. ಸಾಗುವ, 2011ರಲ್ಲಿ ತೆರೆದ ತೆ ಆರರೋವಾ ಹಾದಿಗೆ ಅದರ ಟ್ರಸ್ಟೇ ನಕ್ಷೆ, ಜಿಪಿಎಕ್ಸ್ ಎರಡನ್ನೂ ಕೊಡುತ್ತದೆ. ಆಮೇಲಿನ ಸ್ಥಾನ ಪುಸ್ತಕದೊಂದಿಗೆ ಪ್ರಕಾಶಕರು ಕೊಟ್ಟದ್ದಕ್ಕೆ. ಹೆಸರಿಲ್ಲದವರು ಹಾಕಿದ್ದು ಕೊನೆಗೆ.

ಆ ಮೇಲೆ ಇದು ನಡೆದು ದಾಖಲಿಸಿದ್ದೋ, ಕಂಪ್ಯೂಟರಿನಲ್ಲಿ ಕೂತು ಎಳೆದದ್ದೋ ನೋಡಿ. ಬಿಂದುಗಳಿಗೆ ಸಮಯದ ಮುದ್ರೆ ಇದ್ದರೆ ಬಹುತೇಕ ದಾಖಲಿಸಿದ್ದು. ಒತ್ತೊತ್ತಾದ ಕಾಂಟೂರ್ ಗೆರೆಗಳನ್ನು ನೇರ ರೇಖೆ ಸೀಳಿಕೊಂಡು ಹೋಗಿದ್ದರೆ ಯಾರೋ ಮೌಸಿನಿಂದ ಎಳೆದಿದ್ದಾರೆ. ದಾಖಲಿಸಿದ್ದರಲ್ಲೂ ಅವರು ದಾರಿ ತಪ್ಪಿ ಹಿಂತಿರುಗಿದ್ದು, ಅಂಗಡಿಗೆ ಹೋಗಿ ಬಂದದ್ದು ಎಲ್ಲ ಸೇರಿರುತ್ತದೆ. ಹಳೆಯ ಜಿಪಿಎಸ್ ಉಪಕರಣಗಳಿಗೆಂದು 500 ಬಿಂದುಗಳಿಗೆ ಇಳಿಸಿದ ಫೈಲುಗಳು ಇನ್ನೂ ಓಡಾಡುತ್ತಿವೆ. 100 ಕಿ.ಮೀ.ಗೆ 500 ಬಿಂದು ಎಂದರೆ 200 ಮೀಟರಿಗೊಂದು. ಅಂಕುಡೊಂಕಾದ ಏರು ಅದರಲ್ಲಿ ನೇರ ಗೆರೆಯಾಗಿ, ಒಟ್ಟು ದೂರ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಏರಿನ ಒಟ್ಟು ಮೊತ್ತದಲ್ಲಿ ಇದರ ಉಲ್ಟಾ: ದಾಖಲೆಯ ಸಣ್ಣ ಸಣ್ಣ ಜಿಗಿತಗಳೆಲ್ಲ ಕೂಡಿಕೊಂಡು ನಿಜಕ್ಕಿಂತ ಹೆಚ್ಚಾಗುತ್ತದೆ. ಎರಡು ಫೈಲುಗಳ ಏರನ್ನು ಹೋಲಿಸಬೇಕಾದರೆ ಎರಡನ್ನೂ ಒಂದೇ ಆ್ಯಪಿಗೆ ಹಾಕಿ ಅದೇ ಲೆಕ್ಕ ಹಾಕಲಿ.

ಗೆರೆ ಇದೆ ಎಂದ ಮಾತ್ರಕ್ಕೆ ಅಲ್ಲಿ ದಾರಿ ಇದೆ ಎಂದಲ್ಲ. ತೆ ಆರರೋವಾದ ದಕ್ಷಿಣ ದ್ವೀಪದಲ್ಲಿ ರಕಾಯಾ, ರಂಗಿಟಾಟಾ ಎಂಬ ಎರಡು ನದಿಗಳನ್ನು ಅಪಾಯ ವಲಯವೆಂದು ಘೋಷಿಸಿ ಹಾದಿಯಿಂದಲೇ ಹೊರಗಿಟ್ಟಿದ್ದಾರೆ. ಹಾದಿ ಒಂದು ದಡದಲ್ಲಿ ಮುಗಿದು ಇನ್ನೊಂದು ದಡದಲ್ಲಿ ಮತ್ತೆ ಶುರುವಾಗುತ್ತದೆ, ನಡುವೆ ರಸ್ತೆಯಲ್ಲಿ ಬಳಸಿಕೊಂಡು ಹೋಗಬೇಕು. ಅಂಥ ಕಡೆ ಎರಡು ತುಂಡುಗಳನ್ನು ಯಾವುದೋ ಸಾಫ್ಟ್‌ವೇರ್ ಜೋಡಿಸಿದರೆ ನದಿಯ ಮೇಲೆ ಸರಾಗ ಗೆರೆ ಮೂಡುತ್ತದೆ.

ಪ್ರಕಟಣೆ, ದಿನಚರಿ, ವಿಡಿಯೊ

ಮುಚ್ಚಿದ ಭಾಗ, ಪರ್ಮಿಟ್, ಬೆಂಕಿ ಹಚ್ಚುವ ನಿಷೇಧ ಈ ಮೂರಕ್ಕೆ ಹಾದಿಯ ಸಂಸ್ಥೆ ಅಥವಾ ಅರಣ್ಯ, ಉದ್ಯಾನದ ಅಧಿಕಾರಿಗಳ ಪುಟ ಒಂದೇ ಆಧಾರ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಅಪಲಾಚಿಯನ್ ಟ್ರೇಲಿನ ದಕ್ಷಿಣದ ಉದ್ದನೆಯ ಭಾಗಗಳು ಮುಚ್ಚಿದವು. ಆ ವರ್ಷದ ತಾಜಾ ಡೇಟಾ ಬುಕ್ ಕೈಲಿದ್ದವರಿಗೂ ಅದರಿಂದ ಉಪಯೋಗವಾಗಲಿಲ್ಲ. ಪರ್ಮಿಟ್ಟಿಗೆ ಸಂಬಂಧಿಸಿದ ಯಾವ ಮಾತನ್ನೂ ಪುಸ್ತಕದಿಂದ ತೆಗೆದುಕೊಳ್ಳಬೇಡಿ. ಪೆಸಿಫಿಕ್ ಕ್ರೆಸ್ಟ್ ಟ್ರೇಲಿನಲ್ಲಿ 500 ಮೈಲಿ (ಸುಮಾರು 800 ಕಿ.ಮೀ.) ಅಥವಾ ಹೆಚ್ಚು ಸತತ ನಡೆಯುವವರಿಗೆ ದಕ್ಷಿಣ ತುದಿಯಿಂದ ದಿನಕ್ಕೆ 50 ಜನರ ಮಿತಿ ಇದೆ, ಪರ್ಮಿಟ್ ಬಿಡುವ ದಿನಾಂಕ ಪ್ರತಿ ವರ್ಷ ಹೊಸದಾಗಿ ಪ್ರಕಟವಾಗುತ್ತದೆ.

ದಿನಚರಿ, ವಿಡಿಯೊಗಳಿಂದ ಹಾದಿಯ ಚಹರೆ ತಿಳಿಯುತ್ತದೆ, ಅಂಕಿ ತಿಳಿಯುವುದಿಲ್ಲ. ಬಂಡೆ ಎಷ್ಟು ಇಕ್ಕಟ್ಟು, ತೊರೆ ಎಷ್ಟು ಅಗಲ ಎಂದು ಕಣ್ಣಾರೆ ನೋಡಲು ವಿಡಿಯೊ ಒಳ್ಳೆಯದು. ಆದರೆ ಅದು ಯಾವ ವರ್ಷದ್ದು ಎಂದು ಕೇಳಿಕೊಳ್ಳಿ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಹಾಯುವ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ 2015ರಲ್ಲಿ ಹಿಮ ತೀರಾ ಕಡಿಮೆ, 2023ರಲ್ಲಿ ದಾಖಲೆಯ ಮಟ್ಟ. 2015ರ ವಿಡಿಯೊದಲ್ಲಿ ಒಣ ಕಾಲುದಾರಿ ಕಂಡ ಕಡೆ 2023ರ ಜೂನಿನಲ್ಲಿ ಐಸ್ ಆ್ಯಕ್ಸ್ ಇಲ್ಲದೆ ಕಾಲಿಡುವಂತಿರಲಿಲ್ಲ. ಒಂದೇ ವಿಡಿಯೊ ನೋಡುವ ಬದಲು ಹಿಮ ಹೆಚ್ಚಿದ್ದ ವರ್ಷದ್ದೊಂದು, ಕಡಿಮೆ ಇದ್ದ ವರ್ಷದ್ದೊಂದು ನೋಡಿ.

ಯಾವ ಹಾದಿಗೆ ಯಾವ ಜೋಡಿ

ಪಿರನೀಸ್ ಬೆಟ್ಟಸಾಲು ಇದಕ್ಕೆ ಸೊಗಸಾದ ಉದಾಹರಣೆ. ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಅಲ್ಲಿ ಮೂರು ಹಾದಿಗಳು ಅಕ್ಕಪಕ್ಕ ಸಾಗುತ್ತವೆ. ಫ್ರಾನ್ಸಿನ ಕಡೆಯ ಜಿಆರ್10, ಸ್ಪೇನಿನ ಕಡೆಯ ಜಿಆರ್11 ಎರಡಕ್ಕೂ ಬಿಳಿ ಕೆಂಪು ಪಟ್ಟೆಗಳ ಗುರುತಿದೆ. ಅವಕ್ಕೆ ಒಂದು ಗೈಡ್‌ಬುಕ್, ಅದರ ಜಿಪಿಎಕ್ಸ್, ಫೋನಿನಲ್ಲಿ ಆಫ್‌ಲೈನ್ ನಕ್ಷೆ ಸಾಕು. ಶಿಖರಸಾಲಿಗೆ ಅಂಟಿಕೊಂಡು ಹೋಗುವ ಓತ್ ರೂತ್‌ಗೆ ಬಹುಭಾಗ ತನ್ನದೇ ಗುರುತಿಲ್ಲ, ಬೇಸಿಗೆಯ ಆರಂಭದಲ್ಲಿ ಕಣಿವೆಬಾಯಿಗಳಲ್ಲಿ ಹಿಮ ನಿಂತಿರುತ್ತದೆ. ಅಲ್ಲಿ 1:25,000 ಅಥವಾ 1:50,000ದ ಕಾಗದವೇ ಮುಖ್ಯ. ಪುಸ್ತಕ ಬೇಕಾಗುವುದು ಹವೆ ಕೆಟ್ಟಾಗ ಯಾವ ಕಣಿವೆಗೆ ಇಳಿದು ಜಿಆರ್10 ಅಥವಾ 11 ಸೇರಿಕೊಳ್ಳಬಹುದು ಎಂದು ತಿಳಿಯಲು. ಬೆಟ್ಟಸಾಲು ಒಂದೇ ಆದರೂ ಚೀಲದಲ್ಲಿರಬೇಕಾದದ್ದು ಬೇರೆ.

ಇದೇ ಅಳತೆಗೋಲನ್ನು ಬೇರೆ ಕಡೆ ಇಡಿ. ಹಳ್ಳಿಗಳು ಒತ್ತಾಗಿರುವ, ಬಾಣದ ಗುರುತು ತಪ್ಪದ ಕಮೀನೊ ಥರದ ಹಾದಿಗೆ ತೆಳು ಗೈಡ್ ಅಥವಾ ಒಂದು ಆ್ಯಪ್. ಅಲ್ಲಿ ಸರ್ವೆ ನಕ್ಷೆ ಹೊರುವುದು ದಂಡ. ಗುರುತು ಚೆನ್ನಾಗಿದ್ದು ಊರುಗಳು ದೂರವಿದ್ದರೆ ಗೈಡ್ ಆ್ಯಪ್, ಈ ವರ್ಷದ ಡೇಟಾ ಬುಕ್, ಇಡೀ ಪ್ರದೇಶ ಕಾಣುವ ಒಂದು ಕಾಗದದ ನಕ್ಷೆ. ಹೆಸರಷ್ಟೇ ಇದ್ದು ಗುರುತು ಆಗಾಗ ಮಾಯವಾಗುವ ಹೊಸ ಹಾದಿಗೆ ಸರ್ವೆ ನಕ್ಷೆ, ಬೇರೆ ಬೇರೆ ಮೂಲದ ಎರಡು ಜಿಪಿಎಕ್ಸ್, ಅಲ್ಲಿನ ದಾರಿ ಬಲ್ಲ ಒಬ್ಬರ ಮಾತು. ಎರಡೂ ಜಿಪಿಎಕ್ಸ್ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತರೆ ಒಂದು ಇನ್ನೊಂದರ ನಕಲು ಎಂದು ಅನುಮಾನಿಸಿ. ನಿಜವಾಗಿ ಇಬ್ಬರು ನಡೆದಿದ್ದರೆ ಗೆರೆಗಳು ಕೆಲವು ಮೀಟರ್ ಆಚೀಚೆ ಇದ್ದೇ ಇರುತ್ತವೆ.

ಎಲ್ಲವನ್ನೂ ಒಂದು ಹಾಳೆಗೆ ತರುವುದು

ಆರಿಸಿದ ಮೇಲೆ ನಿಮ್ಮದೇ ಒಂದು ಪಟ್ಟಿ ಮಾಡಿಕೊಳ್ಳಿ. ಜಾಗ, ಹಿಂದಿನ ಜಾಗದಿಂದ ದೂರ, ಏರು, ಇಳಿತ, ನೀರು, ಆಹಾರ ಸಿಗುವ ಕಡೆ, ಬಿಟ್ಟು ಇಳಿಯುವ ದಾರಿ, ಕೊನೆಯ ಕಾಲಂನಲ್ಲಿ ಈ ಮಾಹಿತಿ ಎಲ್ಲಿಂದ, ಯಾವ ದಿನಾಂಕದ್ದು. ಈ ಕೊನೆಯ ಕಾಲಂ ಬಿಟ್ಟವರು ಮುಂದೆ ಯಾವುದನ್ನು ಮತ್ತೆ ಪರಿಶೀಲಿಸಬೇಕು ಎಂದು ತಿಳಿಯದೆ ಎಲ್ಲವನ್ನೂ ಮತ್ತೆ ಹುಡುಕುತ್ತಾರೆ.

ಮೂಲಗಳು ಒಂದಕ್ಕೊಂದು ಹೊಂದದಿದ್ದಾಗ ಸರಾಸರಿ ತೆಗೆಯಬೇಡಿ. ದೂರ ಎರಡು ಥರ ಇದ್ದರೆ ಹೆಚ್ಚಿನದನ್ನು ಬರೆಯಿರಿ. ನೀರು ಇದೆ ಎಂದು ಒಂದು, ಇಲ್ಲ ಎಂದು ಇನ್ನೊಂದು ಹೇಳಿದರೆ ಇಲ್ಲ ಎಂದೇ ಬರೆದು ಹಿಂದಿನ ನೀರಿನಿಂದ ತುಂಬಿಕೊಳ್ಳಿ. ಅಂಗಡಿ ಇದೆ ಎಂದು ಪುಸ್ತಕ ಹೇಳಿದರೆ ತೆರೆದಿರುವ ದಿನ ಯಾವುದು ಎಂದು ಫೋನ್ ಮಾಡಿ ಕೇಳಿ. ಅಂಗಡಿ ಇದ್ದೂ ಆ ದಿನ ಬಾಗಿಲು ಹಾಕಿರುವುದು ಸಾಮಾನ್ಯ. ಹಾದಿ ತೆರೆದಿದೆಯೇ ಎಂಬ ವಿಷಯದಲ್ಲಿ ಮಾತ್ರ ತರ್ಕವೇ ಬೇಡ, ಅಧಿಕೃತ ಪುಟ ಹೇಳಿದ್ದೇ ಸರಿ.

ಕೊಳ್ಳುವುದಕ್ಕೂ ಕಾಲವಿದೆ. ಗೈಡ್‌ಬುಕ್ಕನ್ನು ಯೋಚನೆ ಮೂಡಿದಾಗಲೇ ತೆಗೆದುಕೊಳ್ಳಿ, ಹೊರಡುವುದೋ ಬೇಡವೋ ಎಂದು ನಿರ್ಧರಿಸಲೂ ಅದು ಬೇಕು. ಡೇಟಾ ಬುಕ್ಕನ್ನು ನೀವು ನಡೆಯುವ ವರ್ಷದ ಆವೃತ್ತಿ ಬರುವ ತನಕ ಕಾಯ್ದು ಕೊಳ್ಳಿ. ತಿಂಗಳ ಅಥವಾ ವರ್ಷದ ಲೆಕ್ಕದ ಆ್ಯಪ್ ಚಂದಾ ಕೊನೆಗೆ, ನಡಿಗೆಯ ಮಧ್ಯೆ ಮುಗಿಯದ ಹಾಗೆ. ಪರ್ಮಿಟ್, ಮುಚ್ಚಿದ ಭಾಗಗಳನ್ನು ಆರು ವಾರ ಮುಂಚೆ ಒಮ್ಮೆ, ಒಂದು ವಾರ ಮುಂಚೆ ಒಮ್ಮೆ, ಆಮೇಲೆ ನೆಟ್‌ವರ್ಕ್ ಸಿಗುವ ಪ್ರತಿ ಊರಿನಲ್ಲಿ ನೋಡಿ. ಪಟ್ಟಿಯ ಒಂದು ಪ್ರತಿ ಮನೆಯಲ್ಲಿರುವವರ ಕೈಗೆ ಕೊಡಿ. ಯಾವ ಆವೃತ್ತಿಯ ಪುಸ್ತಕ, ಯಾವ ನಕ್ಷೆಯ ಹಾಳೆಗಳು, ಯಾವ ಜಿಪಿಎಕ್ಸ್ ಫೈಲು ನಿಮ್ಮ ಬಳಿ ಇದೆ ಎಂಬುದನ್ನೂ ಅದರ ಮೇಲೇ ಬರೆದಿಡಿ. ಹುಡುಕಬೇಕಾಗಿ ಬಂದರೆ ಅವರೂ ಅದೇ ನಕ್ಷೆ ತೆರೆಯಬೇಕಲ್ಲ.